ಹೋಗಿ ಬರತೇನಿ

ಬ್ಯಾಡಗಿ ಪೇಟೆಯಲ್ಲಿ ಬೆಲೆ ಕಟ್ಟದ ವಸ್ತುವೇ ಇಲ್ಲ. ಮೆಣಸಿನಕಾಯಿಯ ಬಣ್ಣಕ್ಕೆ ಒಂದು ಬೆಲೆ, ಸುಕ್ಕಿಗೆ ಒಂದು ಬೆಲೆ, ಒಣಗಿದ ಹದಕ್ಕೆ ಒಂದು ಬೆಲೆ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಗುಣದಿಂದಲೇ ಆ ಊರಿನ ಹೆಸರು ದೇಶ ದಾಟಿ ಹೋಯಿತು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹಾವೇರಿಯಲ್ಲಿ ಏಲಕ್ಕಿ ಪೋಣಿಸಿ ಹಾರ ಮಾಡುತ್ತಾರೆ. ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜದ ವ್ಯಾಪಾರ. ಒಂದೇ ರೈಲು ಹಳಿಯ ಮೇಲಿರುವ ಈ ಮೂರೂ ಊರುಗಳಲ್ಲಿ ಬೆಳಗಾದರೆ ಕೇಳುವ ಮಾತು ಒಂದೇ: ‘ರೇಟ ಏನೈತಿ?’ ಅದರಲ್ಲಿ ತಪ್ಪೇನೂ ಇಲ್ಲ. ಬಿಸಿಲಲ್ಲಿ ದುಡಿದವರಿಗೆ ಬೆಲೆ ಕೇಳುವ ಹಕ್ಕು ಇದ್ದೇ ಇದೆ. ಆದರೆ ಅದೇ ತಕ್ಕಡಿಯನ್ನು ನಾವು ಹೆಣ್ಣುಮಕ್ಕಳ ಓದಿಗೂ ಹಿಡಿಯುತ್ತೇವೆ. ಶಿಕ್ಷಕಿಯ ತರಬೇತಿ ಎಂದರೆ ನಮಗೆ ತಿಳಿಯುತ್ತದೆ. ನರ್ಸಿಂಗ್ ಎಂದರೆ ತಿಳಿಯುತ್ತದೆ. ಕಂಪ್ಯೂಟರ್ ಎಂದರಂತೂ ಕೇಳುವುದೇ ಬೇಡ. ಬುದ್ಧನ ಗ್ರಂಥ, ಬುದ್ಧನ ವಿಚಾರ, ಬೌದ್ಧ ಶಿಲ್ಪ, ಇವನ್ನು ಎಂ.ಎ. ಮಟ್ಟದಲ್ಲಿ ಓದುತ್ತೇನೆ ಎಂದು ಸೊಸೆಯೊಬ್ಬಳು ಹೇಳಿದರೆ?

ನನ್ನ ಅಕ್ಕನ ಮಗಳು ಹಾಗೆ ಹೇಳಿದಳು. ಬ್ಯಾಡಗಿಯ ವ್ಯಾಪಾರಸ್ಥರ ಮನೆಯ ಸೊಸೆ. ಎರಡು ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ಓದಬೇಕು, ಅದರಲ್ಲೂ ಬೌದ್ಧರ ವಿಷಯಕ್ಕೇ ಮನಸ್ಸು ಕೊಡಬೇಕು ಎಂದು ಹಟ ಹಿಡಿದಳು. ಮನೆಯವರೆಲ್ಲ ಕೇಳಬೇಕಾದ್ದನ್ನೇ ಕೇಳಿದರು: ಅದರಿಂದ ಏನ ಬರತೈತಿ? ಅವಳ ಅತ್ತೆ ಮಾತ್ರ ಬೇರೆ ಮಾತು ಕೇಳಿದರು. ಆಕೆ ನಾಲ್ಕನೆಯ ಇಯತ್ತೆಯವರೆಗೆ ಓದಿದವರು.

‘ಬುದ್ಧ ಮನಿ ಬಿಟ್ಟು ಹ್ವಾದಾಂವ. ಅಂವನ್ನ ಓದಿದಾಕಿ ಮನ್ಯಾಗ ಹೆಂಗ ಇರತಾಳ?’

ಎಲ್ಲರೂ ನಕ್ಕರು. ಆದರೆ ಇದು ನಕ್ಕು ಬಿಡುವ ಪ್ರಶ್ನೆಯೆಂದು ನನಗೆ ಅನಿಸಲಿಲ್ಲ. ಇದರಲ್ಲಿ ಎರಡು ಗಂಟುಗಳಿವೆ. ಒಂದು ಬೋಧನೆಯನ್ನು ಓದುವುದು ಎಂದರೆ ಅದರಂತೆ ನಡೆಯುವುದೇ ಎಂಬುದು ಮೊದಲನೆಯದು. ಯಾರಾದರೂ ದೊಡ್ಡದೊಂದನ್ನು ಹುಡುಕಿಕೊಂಡು ಮನೆಯ ಹೊಸಿಲು ದಾಟಿದಾಗ ಒಳಗೆ ಉಳಿದವರು ತೆರುವ ಬೆಲೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದು ಎರಡನೆಯದು. ಈ ಎರಡನೆಯದು ನಮ್ಮ ನಿಮ್ಮೆಲ್ಲರ ಪ್ರಶ್ನೆ. ಹೆಣ್ಣಾಗಿ ಹುಟ್ಟಿ ಬುದ್ಧನ ಕತೆ ಕೇಳಿದವರು ಯಾರೂ ಯಶೋಧರೆಯನ್ನು ನೆನೆಯದೆ ಇರುವುದಿಲ್ಲ.

ನಮಗೆಲ್ಲ ಗೊತ್ತಿರುವ ಕತೆ ಶಾಲೆಯ ಪುಸ್ತಕದ್ದು, ಕ್ಯಾಲೆಂಡರಿನ ಚಿತ್ರದ್ದು. ನಡುರಾತ್ರಿ. ಹೆಂಡತಿ ಎಳೆಯ ಕೂಸನ್ನು ತಬ್ಬಿ ಮಲಗಿದ್ದಾಳೆ. ಬಾಗಿಲಲ್ಲಿ ನಿಂತು ಒಮ್ಮೆ ನೋಡಿ ಆತ ಹೊರಟುಬಿಡುತ್ತಾನೆ. ಹೊರಗೆ ಚನ್ನನೆಂಬ ಸಾರಥಿ, ಕಂಥಕನೆಂಬ ಕುದುರೆ. ಈ ಚಿತ್ರವನ್ನು ನೋಡಿದಾಗಲೆಲ್ಲ ನಮ್ಮ ಕಣ್ಣು ಕುದುರೆಯ ಮೇಲೆ ನಿಲ್ಲುವುದಿಲ್ಲ, ಮಲಗಿದವಳ ಮೇಲೆ ನಿಲ್ಲುತ್ತದೆ. ಬೆಳಗ್ಗೆ ಎದ್ದಾಗ ಆಕೆಗೆ ಏನಾಗಿರಬೇಡ ಎಂದುಕೊಳ್ಳುತ್ತೇವೆ. ಅವನಿಗೆ ಜ್ಞಾನ ಸಿಕ್ಕಿತು, ಲೋಕಕ್ಕೆ ಧರ್ಮ ಸಿಕ್ಕಿತು, ಇವಳಿಗೆ ಖಾಲಿ ಹಾಸಿಗೆ ಸಿಕ್ಕಿತು.

ಮೇಲಿನ ಮಟ್ಟದ ಓದು ಏನು ಮಾಡುತ್ತದೆ ಎಂಬುದು ಇಲ್ಲಿಂದ ತಿಳಿಯತೊಡಗುತ್ತದೆ. ಅದು ಈ ಕತೆಯನ್ನು ನಂಬು ಎನ್ನುವುದಿಲ್ಲ, ನಂಬಬೇಡ ಎಂದೂ ಹೇಳುವುದಿಲ್ಲ. ಇದು ಯಾವ ಗ್ರಂಥದಲ್ಲಿದೆ, ಆ ಗ್ರಂಥ ಯಾವ ಕಾಲದ್ದು ಎಂದು ಕೇಳುತ್ತದೆ. ಮಲಗಿದ ಹೆಂಗಸರು, ಕುದುರೆ, ನಡುರಾತ್ರಿ, ಇವೆಲ್ಲ ವಿಸ್ತಾರವಾಗಿ ಬರುವುದು ಅಶ್ವಘೋಷನ ಬುದ್ಧಚರಿತ, ಲಲಿತವಿಸ್ತರ, ಜಾತಕಗಳ ಮುನ್ನುಡಿಯಾದ ನಿದಾನಕಥೆ ಮುಂತಾದವುಗಳಲ್ಲಿ. ಇವು ಬುದ್ಧ ಕಾಲವಾಗಿ ನೂರಾರು ವರ್ಷಗಳಾದ ಮೇಲಿನ ರಚನೆಗಳು. ಅದಕ್ಕಿಂತ ಹಳೆಯದೆಂದು ವಿದ್ವಾಂಸರು ಎಣಿಸುವ ಪಾಳಿಯ ಮಜ್ಝಿಮ ನಿಕಾಯದಲ್ಲಿ ಅರಿಯಪರಿಯೇಸನ ಸುತ್ತವೆಂಬ ಉಪದೇಶವಿದೆ. ಅಲ್ಲಿ ಬುದ್ಧನೇ ತನ್ನ ಕತೆ ಹೇಳಿಕೊಳ್ಳುತ್ತಾನೆ. ತಾನಿನ್ನೂ ಕಪ್ಪುಗೂದಲಿನ ತರುಣನಾಗಿದ್ದಾಗ, ತಂದೆತಾಯಿ ಒಪ್ಪದೆ ಕಣ್ಣೀರು ಸುರಿಸುತ್ತಿರುವಾಗಲೇ, ತಲೆ ಗಡ್ಡ ಬೋಳಿಸಿಕೊಂಡು ಕಾವಿ ಉಟ್ಟು ಹೊರಟೆ ಎನ್ನುವುದು ಅದರ ಸಾರ. ರಾತ್ರಿಯಿಲ್ಲ, ಕುದುರೆಯಿಲ್ಲ, ಗುಟ್ಟಿಲ್ಲ. ಅಳುವವರ ಕಣ್ಣೆದುರಿಗೇ ಹೊರಟವನ ಕತೆ ಅದು. ಹೆಂಡತಿಯ ಮಾತೂ ಅಲ್ಲಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಯಾವುದು ನಡೆದದ್ದು ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಕತೆ ಬದಲಾದದ್ದೇಕೆ ಎಂದು ಕೇಳಬಹುದಲ್ಲ? ಅಳುವವರ ಎದುರು ಹಾದು ಹೋಗುವುದು ಕಷ್ಟ, ಮಲಗಿದವರನ್ನು ದಾಟಿ ಹೋಗುವುದು ಸುಲಭ. ಕೇಳುವವರಿಗೂ ಹಾಗೆಯೇ. ಮಹಾತ್ಮನೊಬ್ಬ ತಾಯಿಯ ಕಣ್ಣೀರನ್ನು ಕಂಡೂ ನಡೆದುಬಿಟ್ಟ ಎಂಬುದನ್ನು ಭಕ್ತರ ಮನಸ್ಸು ತಡೆದುಕೊಳ್ಳಲಾರದೆ, ಎಲ್ಲರನ್ನೂ ನಿದ್ದೆಗೆ ಕಳಿಸಿಬಿಟ್ಟಿತೋ ಏನೋ.

ಯಶೋಧರೆ ಎಂಬ ಹೆಸರಿನ ಕತೆಯೂ ಹೀಗೇ. ಭಿಕ್ಷುಗಳ ನಿಯಮಗಳಿರುವ ವಿನಯ ಪಿಟಕದಲ್ಲಿ ಆಕೆ ಬರುತ್ತಾಳೆ, ಆದರೆ ಅಲ್ಲಿ ಆಕೆ ಬರೀ ‘ರಾಹುಲಮಾತಾ’, ರಾಹುಲನ ತಾಯಿ. ಇದನ್ನು ಅಕ್ಕನ ಮಗಳು ನನಗೆ ಹೇಳಿದಾಗ ನಮ್ಮ ಓಣಿಯೇ ಕಣ್ಣ ಮುಂದೆ ಬಂತು. ಇಪ್ಪತ್ತು ವರ್ಷ ಎದುರು ಮನೆಯಲ್ಲಿದ್ದವಳನ್ನು ಮಂಜುನ ಅವ್ವ, ಶಿವುನ ಅವ್ವ ಎಂದೇ ಕರೆದಿರುತ್ತೇವೆ. ಆಕೆಯ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಇರುತ್ತದೆ.

ಶಿಲ್ಪದಲ್ಲಿ ಈ ಹೊರಡುವಿಕೆಯನ್ನು ಹೇಗೆ ಕಡೆದಿದ್ದಾರೆ ಎಂಬುದು ಇನ್ನೊಂದು ಪಾಠ. ಸಾಂಚಿಯ ಪೂರ್ವದ ತೋರಣದಲ್ಲಿ ಕುದುರೆ ನಗರದಿಂದ ಹೊರಡುತ್ತಿದೆ. ಅದರ ಮೇಲೆ ಛತ್ರಿ ಹಿಡಿದಿದ್ದಾರೆ. ಬೆನ್ನ ಮೇಲೆ ಯಾರೂ ಇಲ್ಲ. ಆರಂಭದ ಬೌದ್ಧ ಶಿಲ್ಪಿಗಳು ಬುದ್ಧನನ್ನು ಮನುಷ್ಯರೂಪದಲ್ಲಿ ಕಡೆಯದೆ ಹೆಜ್ಜೆಗುರುತು, ಖಾಲಿ ಪೀಠ, ಬೋಧಿವೃಕ್ಷ, ಛತ್ರಿಗಳಿಂದ ಸೂಚಿಸುತ್ತಿದ್ದರು. ಪುಸ್ತಕದಲ್ಲಿ ಆ ಚಿತ್ರ ನೋಡಿದಾಗ ನನಗೆ ಅನಿಸಿದ್ದೇ ಬೇರೆ. ಬಿಟ್ಟುಹೋದವರ ಮನೆಯಲ್ಲಿ ಉಳಿದವರಿಗೆ ಕಾಣುವುದು ಹೀಗೇ ಅಲ್ಲವೇ? ಛತ್ರಿ ಇದೆ, ಕುದುರೆ ಇದೆ, ಕೂತವರಿಲ್ಲ. ಶಿಲ್ಪಿಯ ಉದ್ದೇಶ ಅದಾಗಿರಲಿಲ್ಲ, ನಿಜ. ಅವನ ಸಂಪ್ರದಾಯ ಏನು, ನನ್ನ ಮನಸ್ಸು ಸೇರಿಸಿದ್ದು ಏನು ಎಂದು ಬೇರೆ ಮಾಡಿ ನೋಡಲು ಕಲಿಸುವುದೂ ಓದೇ.

ಮುಂದಿನ ಕತೆ ಅತ್ತೆಯವರ ಪ್ರಶ್ನೆಗೆ ಇನ್ನೂ ಹತ್ತಿರ ಬರುತ್ತದೆ. ಬುದ್ಧ ಕಪಿಲವಸ್ತುವಿಗೆ ಮರಳಿ ಬಂದ. ಇದನ್ನು ನಾವು ಮರೆತೇಬಿಡುತ್ತೇವೆ. ಹೋದವನು ಬಂದ. ರಾಹುಲನ ತಾಯಿ ಮಗನಿಗೆ ತಂದೆಯನ್ನು ತೋರಿಸಿ, ಹೋಗಿ ನಿನ್ನ ಪಾಲಿನ ಆಸ್ತಿ ಕೇಳು ಎಂದು ಕಳಿಸಿದಳು. ಹುಡುಗ ಕೇಳಿದ. ಬುದ್ಧ ಸಾರಿಪುತ್ತನನ್ನು ಕರೆದು ಮಗನಿಗೆ ದೀಕ್ಷೆ ಕೊಡಿಸಿದ. ಮುದುಕ ಶುದ್ಧೋದನನಿಗೆ ಇದು ತಡೆಯಲಾಗಲಿಲ್ಲ. ಮಗ ಹೋದಾಗ ನೋವು ತಿಂದೆ, ಈಗ ಮೊಮ್ಮಗನೂ ಹೋದ. ಮಕ್ಕಳ ಮೇಲಿನ ಪ್ರೀತಿ ಚರ್ಮ ಸೀಳಿ ಎಲುಬಿನವರೆಗೆ ಇಳಿಯುತ್ತದೆ. ಇನ್ನು ಮೇಲೆ ತಂದೆತಾಯಿಯ ಅನುಮತಿಯಿಲ್ಲದೆ ಯಾರಿಗೂ ದೀಕ್ಷೆ ಕೊಡಬೇಡ ಎಂದು ಮಗನನ್ನೇ ಬೇಡಿಕೊಂಡ. ಬುದ್ಧ ಒಪ್ಪಿ ಅದನ್ನು ಸಂಘದ ನಿಯಮವನ್ನಾಗಿ ಮಾಡಿದ. ತಾನು ತಂದೆತಾಯಿಯ ಕಣ್ಣೀರನ್ನು ದಾಟಿ ಹೋದವನೇ, ಮುಂದೆ ಹೋಗುವವರು ಕೇಳಿ ಹೋಗಬೇಕು ಎಂದ. ಉಳಿದವರ ನೋವಿಗೆ ಧರ್ಮಗ್ರಂಥದಲ್ಲೇ ಒಂದು ಸಾಲಿನ ಜಾಗ ಸಿಕ್ಕಿತು.

ನಮ್ಮ ಕಡೆ ಮನೆಯಿಂದ ಹೊರಡುವಾಗ ‘ಹೋಗತೇನಿ’ ಎಂದು ಹೇಳುವುದಿಲ್ಲ. ಹಾಗೆಂದರೆ ಹಿರಿಯರು ಗದರಿಸುತ್ತಾರೆ. ‘ಹೋಗಿ ಬರತೇನಿ’ ಎನ್ನಬೇಕು. ಸಂತೆಗೆ ಹೊರಟವಳೂ, ತವರಿಗೆ ಹೊರಟವಳೂ, ಹೆರಿಗೆ ದವಾಖಾನೆಗೆ ಹೊರಟವಳೂ ಅದನ್ನೇ ಹೇಳುತ್ತಾಳೆ. ಆ ಒಂದು ಮಾತಿನಲ್ಲಿ ಹೋಗುವವಳ ಹಕ್ಕೂ ಇದೆ, ಉಳಿದವರ ಹಕ್ಕೂ ಇದೆ. ಅಕ್ಕನ ಮಗಳು ಅತ್ತೆಗೆ ಕೊಟ್ಟ ಉತ್ತರ ಇಷ್ಟೇ: ‘ನಾನೂ ಹೋಗಿ ಬರತೇನಿ ಅಂತ ಹೇಳಲಿಕ್ಕತ್ತೇನಿ. ಹೋಗತೇನಿ ಅಂತ ಅಂದೇನೇನು?’

ಆದರೆ ಇಲ್ಲಿಯೇ ಹೆಣ್ಣಿನ ಪಾಲಿಗೆ ಮತ್ತೊಂದು ತೊಡಕು ಇದೆ. ಕೇಳಿ ಹೋಗಬೇಕೆಂಬ ಒಳ್ಳೆಯ ನಿಯಮ ನಮ್ಮ ವಿಷಯಕ್ಕೆ ಬಂದಾಗ ಬೇಗ ಬೀಗವಾಗಿಬಿಡುತ್ತದೆ. ಬುದ್ಧನನ್ನು ಎತ್ತಿ ಆಡಿಸಿದ ಚಿಕ್ಕಮ್ಮ, ಸಾಕುತಾಯಿ ಮಹಾಪಜಾಪತಿ ಗೋತಮಿ ಸಂಘಕ್ಕೆ ಸೇರುತ್ತೇನೆಂದು ಮೂರು ಸಲ ಕೇಳಿದಳು, ಮೂರು ಸಲವೂ ಇಲ್ಲವೆನ್ನಿಸಿಕೊಂಡಳು. ಆಮೇಲೆ ತಲೆ ಬೋಳಿಸಿಕೊಂಡು, ಇತರ ಶಾಕ್ಯ ಹೆಂಗಸರನ್ನು ಕೂಡಿಕೊಂಡು ವೈಶಾಲಿಯವರೆಗೆ ನಡೆದಳು. ಊದಿದ ಕಾಲು, ಮೈಯೆಲ್ಲ ಧೂಳು, ಬಾಗಿಲ ಹೊರಗೆ ಅಳುತ್ತ ನಿಂತಿದ್ದವಳನ್ನು ಆನಂದ ಕಂಡ. ಆತ ಬುದ್ಧನಿಗೆ ಕೇಳಿದ ಪ್ರಶ್ನೆ ತುಂಬ ಜಾಣತನದ್ದು. ಹೆಂಗಸರಿಗೆ ಪ್ರವೇಶ ಕೊಡುತ್ತೀಯಾ ಎಂದು ಮತ್ತೆ ಕೇಳಲಿಲ್ಲ. ಈ ದಾರಿಯ ಕೊನೆಯ ಫಲ ಪಡೆಯುವ ಶಕ್ತಿ ಹೆಂಗಸರಿಗೆ ಇದೆಯೇ ಎಂದು ಕೇಳಿದ. ಬುದ್ಧ ಇದೆ ಎಂದ. ಶಕ್ತಿ ಇದೆ ಎಂದ ಮೇಲೆ ತಡೆಯುವುದಕ್ಕೆ ಕಾರಣ ಉಳಿಯಲಿಲ್ಲ. ಆದರೂ ಎಂಟು ಷರತ್ತುಗಳು ಬಂದವು. ನೂರು ವರ್ಷ ಭಿಕ್ಷುಣಿಯಾಗಿದ್ದವಳೂ ಇವತ್ತು ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಮಸ್ಕರಿಸಬೇಕೆಂಬುದು ಅವುಗಳಲ್ಲಿ ಮೊದಲನೆಯದು. ಗೋತಮಿ ಒಪ್ಪಿಕೊಂಡಳು, ಆಮೇಲೆ ಆ ಒಂದು ಷರತ್ತನ್ನಾದರೂ ತೆಗೆಯಬೇಕೆಂದು ಕೇಳಿಸಿದಳು. ತೆಗೆಯಲಿಲ್ಲ.

ಇದು ಬರೀ ಹಳೆಯ ಕತೆಯೇ? ನಮ್ಮ ಹಾನಗಲ್, ಶಿಗ್ಗಾವಿಗಳ ಮಗ್ಗುಲಲ್ಲೇ ಮುಂಡಗೋಡ ಇದೆ. 1966ರಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಡ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿ ಮರುಹುಟ್ಟು ಪಡೆದವು. ನಾವು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಬಂಗಾರದ ಬಣ್ಣದ ಬುದ್ಧನನ್ನು ನೋಡಿ, ಸ್ವೆಟರ್ ಕೊಂಡು ಬರುತ್ತೇವೆ. ಆ ಮಠಗಳು ದೊಡ್ಡ ವಿಶ್ವವಿದ್ಯಾಲಯಗಳೂ ಹೌದು. ಅಲ್ಲಿನ ಅತಿ ಮೇಲಿನ ಪದವಿ ಗೆಶೆ. ತರ್ಕ, ಪ್ರಜ್ಞಾಪಾರಮಿತೆ, ನಾಗಾರ್ಜುನನ ಮಾಧ್ಯಮಿಕ, ಅಭಿಧರ್ಮ, ವಿನಯ, ಇವನ್ನೆಲ್ಲ ವರ್ಷಗಟ್ಟಲೆ ಓದಿ, ಅಂಗಳದಲ್ಲಿ ಚಪ್ಪಾಳೆ ಹೊಡೆದು ವಾದ ಮಾಡಿ ಗಳಿಸಬೇಕಾದದ್ದು. ಸನ್ಯಾಸಿನಿಯರಿಗೆ ಆ ಪದವಿ ಇರಲಿಲ್ಲ. ಕಾರಣ ಏನೆಂದರೆ ಪೂರ್ಣ ದೀಕ್ಷೆಯಾದವರು ಮಾತ್ರ ವಿನಯವನ್ನು ಇಡಿಯಾಗಿ ಓದಬಹುದು, ಟಿಬೆಟಿನ ಪರಂಪರೆಯಲ್ಲಿ ಹೆಂಗಸರಿಗೆ ಆಗ ಪೂರ್ಣ ದೀಕ್ಷೆಯೇ ಇರಲಿಲ್ಲ, ಹಾಗಾಗಿ ಓದು ಮುಗಿಯುತ್ತಿರಲಿಲ್ಲ, ಮುಗಿಯದ್ದಕ್ಕೆ ಪದವಿ ಇರಲಿಲ್ಲ. ಒಂದು ಬಾಗಿಲಿನ ಕೀಲಿ ಇನ್ನೊಂದರ ಒಳಗೆ, ಅದರ ಕೀಲಿ ಮೊದಲನೆಯದರ ಒಳಗೆ.

2012ರಲ್ಲಿ ಆ ತಡೆ ತೆಗೆದರು. ಸುಮಾರು 17 ವರ್ಷ ಓದಿದ ಮೇಲೆ ವರ್ಷಕ್ಕೊಂದರಂತೆ ನಾಲ್ಕು ವರ್ಷ ಪರೀಕ್ಷೆ. 2016ರ ಡಿಸೆಂಬರ್ 22ರಂದು ಮುಂಡಗೋಡದಲ್ಲಿ ದಲಾಯಿ ಲಾಮಾ ಅವರ ಕೈಯಿಂದ 20 ಮಂದಿ ಸನ್ಯಾಸಿನಿಯರು ಗೆಶೆಮಾ ಪದವಿ ಪಡೆದರು. ಟಿಬೆಟಿನ ಸನ್ಯಾಸಿನಿಯರ ಇತಿಹಾಸದಲ್ಲಿ ಅದು ಮೊದಲ ತಂಡ. ಹಾವೇರಿಯಿಂದ ಬಸ್ಸಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರದಲ್ಲಿ ಅದು ನಡೆಯಿತು. ವೈಶಾಲಿಯ ಬಾಗಿಲಲ್ಲಿ ಆನಂದ ಕೇಳಿದ ಪ್ರಶ್ನೆಗೆ ಇಲ್ಲಿ ಮತ್ತೊಮ್ಮೆ ಹೌದು ಎಂಬ ಉತ್ತರ ಸಿಕ್ಕಿತು.

ಮನೆಯ ಗಂಡಸರ ಕಡೆಯಿಂದ ಬಂದ ಇನ್ನೊಂದು ಮಾತು ಉಂಟು. ಆಸೆಯೇ ದುಃಖಕ್ಕೆ ಮೂಲ ಎಂದವನನ್ನು ಓದಲು ಇಷ್ಟೊಂದು ಆಸೆಯೇ? ಚೇಷ್ಟೆಯ ಮಾತು. ಆದರೆ ಇದೇ ಪ್ರಶ್ನೆಯನ್ನು ಉಣ್ಣಾಭನೆಂಬ ಬ್ರಾಹ್ಮಣ ಕೋಸಂಬಿಯಲ್ಲಿ ಆನಂದನಿಗೆ ಕೇಳಿದ್ದ. ಆಸೆಯಿಂದಲೇ ಆಸೆ ಬಿಡುವುದಾದರೆ ಈ ದಾರಿಗೆ ಕೊನೆಯೇ ಇಲ್ಲವಲ್ಲ ಎಂದು. ಆನಂದ ಮರುಪ್ರಶ್ನೆ ಹಾಕಿದ: ಈ ತೋಟಕ್ಕೆ ಬರಬೇಕೆಂಬ ಆಸೆ ನಿನಗೆ ಇತ್ತಲ್ಲವೇ? ಇತ್ತು. ಬಂದು ಮುಟ್ಟಿದ ಮೇಲೆ ಆ ಆಸೆ ಎಲ್ಲಿ ಹೋಯಿತು? ಇಳಿದು ಹೋಯಿತು. ಅಷ್ಟೇ ಉತ್ತರ. ಪಾಳಿಯಲ್ಲಿ ಇದಕ್ಕೆ ಬೇರೆ ಬೇರೆ ಮಾತುಗಳೇ ಇವೆ. ತಣ್ಹಾ ಎಂದರೆ ಕುಡಿದಷ್ಟೂ ಏರುವ ಬಾಯಾರಿಕೆ. ಛಂದ ಎಂದರೆ ಒಂದು ಕೆಲಸ ಮಾಡಬೇಕೆಂಬ ಮನಸ್ಸು. ಅದು ಕೆಟ್ಟದರ ಕಡೆಗೂ ಹೊರಳಬಹುದು, ಒಳ್ಳೆಯದರ ಕಡೆಗೂ ಹೊರಳಬಹುದು. ಸೀರೆಯ ಮೇಲೆ ಸೀರೆ ಬೇಕೆನ್ನುವುದಕ್ಕೂ ಒಂದು ಸೀರೆಯನ್ನು ನೇಯುವುದು ಕಲಿಯಬೇಕೆನ್ನುವುದಕ್ಕೂ ವ್ಯತ್ಯಾಸ ಇಲ್ಲವೇ? ಕನ್ನಡದಲ್ಲಿ ಎರಡಕ್ಕೂ ಆಸೆ ಎಂದೇ ಹೇಳಿ ನಾವು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿಬಿಡುತ್ತೇವೆ.

ಹಾಗೆಂದು ಓದಿದ್ದೆಲ್ಲ ಒಳ್ಳೆಯದಾಯಿತು ಎಂದೂ ಅಲ್ಲ. ತನ್ನ ಬೋಧನೆಯನ್ನೇ ಕುರಿತು ಬುದ್ಧ ಹಾವಿನ ಹೋಲಿಕೆ ಕೊಡುತ್ತಾನೆ. ಹಾವನ್ನು ಬಾಲ ಹಿಡಿದು ಎತ್ತಿದರೆ ತಿರುಗಿ ಕಚ್ಚುತ್ತದೆ. ವಾದದಲ್ಲಿ ಗೆಲ್ಲಲು, ಇನ್ನೊಬ್ಬರ ತಪ್ಪು ಎತ್ತಿ ಆಡಲು ಧರ್ಮ ಓದಿದವರು ಹಾಗೆ ಕಚ್ಚಿಸಿಕೊಳ್ಳುತ್ತಾರೆ ಎನ್ನುತ್ತಾನೆ. ಅದೇ ಉಪದೇಶದಲ್ಲಿ ತೆಪ್ಪದ ಹೋಲಿಕೆಯೂ ಇದೆ: ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ತಿರುಗಬೇಕಾಗಿಲ್ಲ. ಪದವಿಯ ಮಾತು ಇದಕ್ಕೆ ಸರಿಹೋಗುತ್ತದೆ. ಎಂ.ಎ. ಎಂಬುದನ್ನು ತಲೆಯ ಮೇಲೆ ಹೊತ್ತು ನಾಲ್ಕನೆಯ ಇಯತ್ತೆಯ ಅತ್ತೆಯ ಮುಂದೆ ಓಡಾಡಿದರೆ ಅದು ಬಾಲ ಹಿಡಿದ ಹಾವು. ಆ ಅತ್ತೆಯ ಪ್ರಶ್ನೆಯಲ್ಲಿ ಏನಿದೆ ಎಂದು ಕಾಣುವ ಕಣ್ಣು ಬಂದರೆ ಹೊಳೆ ಸ್ವಲ್ಪವಾದರೂ ದಾಟಿದಂತೆ.

ಧರ್ಮ ಬಿಟ್ಟಾಳು ಎಂಬ ಅಂಜಿಕೆಯೂ ಕೆಲವರಿಗಿತ್ತು. ಪರರದ್ದನ್ನು ಓದುವುದು ಯಾಕೆ ಎಂದರು. ಪರರದ್ದು ಯಾವುದು? ರಾಣೆಬೆನ್ನೂರಿನಿಂದ ಅಷ್ಟೇನೂ ದೂರವಿಲ್ಲದ ಬಳ್ಳಿಗಾವಿಯಲ್ಲಿ 1065ರಲ್ಲಿ ಚಾಲುಕ್ಯರ ದಂಡನಾಯಕ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. ಅದೇ ಊರಲ್ಲಿ ನಾಗಿಯಕ್ಕ ಎಂಬ ಹೆಣ್ಣುಮಗಳು ತಾರಾ ಭಗವತಿಯ ವಿಗ್ರಹ ಮಾಡಿಸಿದಳು. ಗದಗಿನ ಹತ್ತಿರದ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧ ವಿಹಾರಕ್ಕೂ ಆರ್ಯತಾರಾದೇವಿಯ ವಿಹಾರಕ್ಕೂ ದತ್ತಿ ಬಿಟ್ಟ ಶಾಸನ 1095ರದ್ದು. ವ್ಯಾಪಾರಸ್ಥರು ಎಂಬ ಮಾತನ್ನು ಗಮನಿಸಿ. ಬ್ಯಾಡಗಿಯ ಅಡತಿ ಅಂಗಡಿಗಳವರ ಹಿರಿಯರಂಥವರೇ. ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಬಿದ್ದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಅಕ್ಷರಗಳು ಕಂಡವು. ಎಷ್ಟೋ ತಲೆಮಾರು ಹೂವು ಕುಂಕುಮ ಏರಿಸಿದವರ ಕೈಗಳು ಆ ಅಕ್ಷರಗಳ ಪಕ್ಕದಲ್ಲೇ ಓಡಾಡಿದ್ದವು. ನಮ್ಮ ಪೂಜೆಯ ಕೆಳಗೇ ಇದ್ದದ್ದು ಪರರದ್ದು ಹೇಗಾದೀತು?

ಓದಿ ಧರ್ಮವನ್ನೇ ಬದಲಿಸಿದವರೂ ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರು ವರ್ಷಗಟ್ಟಲೆ ಓದಿ, ಯೋಚಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಅವರು ಕಾಲವಾದ ಮೇಲೆ, 1957ರಲ್ಲಿ, ಅವರ ‘ದಿ ಬುದ್ಧ ಅಂಡ್ ಹಿಸ್ ಧಮ್ಮ’ ಪ್ರಕಟವಾಯಿತು. ಆ ಪುಸ್ತಕದ ಆರಂಭದಲ್ಲೇ ಅವರು ಎತ್ತುವ ಮೊದಲ ಸಂದೇಹ ಬುದ್ಧ ಮನೆ ಬಿಟ್ಟದ್ದೇಕೆ ಎಂಬುದು. ಮುದುಕ, ರೋಗಿ, ಹೆಣ ಕಂಡು ಹೊರಟ ಎಂಬ ಕತೆ ಬುದ್ಧಿಗೆ ಒಪ್ಪುವುದಿಲ್ಲ ಎನ್ನುತ್ತಾರೆ. ಅವರು ಹೇಳುವ ಕತೆಯಲ್ಲಿ ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ಜಗಳ. ಯುದ್ಧ ಬೇಡವೆಂದ ಸಿದ್ಧಾರ್ಥ ದೇಶ ಬಿಡಬೇಕಾಗುತ್ತದೆ. ಆತ ಯಶೋಧರೆಯ ಎದುರು ಬಂದು ಎಲ್ಲವನ್ನೂ ಹೇಳುತ್ತಾನೆ. ಆಕೆ ಒಪ್ಪಿ, ಧೈರ್ಯ ತಂದುಕೊಂಡು ಕಳಿಸುತ್ತಾಳೆ.

ಹೀಗೆ ಮೂರು ಕತೆಗಳಾದವು. ಅಳುವವರನ್ನು ದಾಟಿ ಹೋದವನು, ಮಲಗಿದವರನ್ನು ಬಿಟ್ಟು ಹೋದವನು, ಹೇಳಿ ಹೋದವನು. ಅಕ್ಕನ ಮಗಳು ರೊಟ್ಟಿ ಬಡಿಯುತ್ತ ಮೂರನ್ನೂ ಅತ್ತೆಗೆ ಹೇಳಿದಳು. ಆಕೆ ಒಲೆಯ ಮುಂದೆ ಕೂತು ಕೇಳಿ ಹೀಗೆಂದರಂತೆ: ‘ಮೂರನೇದು ಛಲೋ ಐತಿ. ಆದ್ರ ಆಕಿ ಏನಂದಳು ಅನ್ನೂದನ್ನೂ ಗಂಡಸನ ಬರದಾನಲ್ಲ.’

ಇದಕ್ಕೆ ಉತ್ತರ ಸುಲಭವಲ್ಲ. ಹೆಂಗಸರೇ ಹೇಳಿಕೊಂಡದ್ದು ಬೇಕೆಂದರೆ ಥೇರಿಗಾಥಾ ಇದೆ. ಆರಂಭಕಾಲದ ಭಿಕ್ಷುಣಿಯರ ಹಾಡುಗಳೆಂದು ಪರಂಪರೆ ಉಳಿಸಿಕೊಂಡು ಬಂದ 73 ಗಾಥೆಗಳ ಸಂಗ್ರಹ. ಮಗ ಸತ್ತವಳು, ಸೂಳೆಯಾಗಿದ್ದವಳು, ಒರಳು ಒನಕೆಯ ಚಾಕರಿಯಿಂದ ಪಾರಾದೆನೆಂದು ನಿಟ್ಟುಸಿರು ಬಿಟ್ಟವಳು, ಎಲ್ಲರೂ ಅಲ್ಲಿದ್ದಾರೆ. ಮುದುಕಿ ಮಹಾಪಜಾಪತಿಯೂ ಇದ್ದಾಳೆ. ಯಶೋಧರೆಯ ಹಾಡು ಮಾತ್ರ ಅದರಲ್ಲಿಲ್ಲ. ನಮ್ಮಲ್ಲಿ ಜಿ.ಪಿ. ರಾಜರತ್ನಂ ಅವರು ಪಾಳಿ ಕಲಿತು ಬೌದ್ಧ ಸಾಹಿತ್ಯವನ್ನು ಸರಳ ಕನ್ನಡಕ್ಕೆ ತಂದರು. ಆದರೆ ರೊಟ್ಟಿ ಬಡಿಯುವ ಕೈಯಿಂದ ಈ ಹಾಡುಗಳನ್ನು ಓದಿದರೆ ಏನು ಕಾಣುತ್ತದೆ ಎಂಬುದನ್ನು ರೊಟ್ಟಿ ಬಡಿದವರೇ ಹೇಳಬೇಕು. ಅದಕ್ಕೆ ಭಾಷೆ ಬೇಕು, ಲಿಪಿ ಬೇಕು, ಎರಡು ವರ್ಷದ ಏಕಾಗ್ರತೆ ಬೇಕು.

ಈಗ ಲೆಕ್ಕದ ಮಾತು. ಆ ಎರಡು ವರ್ಷ ಎಲ್ಲಿಂದ ಬಂದವು? ಅಕ್ಕನ ಮಗಳು ಸೋಮವಾರ ನಸುಕಿನ ರೈಲಿಗೆ ಹಾವೇರಿ, ಹುಬ್ಬಳ್ಳಿ ದಾಟಿ ಧಾರವಾಡಕ್ಕೆ ಹೋಗಿ ಶುಕ್ರವಾರ ರಾತ್ರಿ ಬರುತ್ತಿದ್ದಳು. ಮಕ್ಕಳ ಪಾಠ ಗಂಡನ ಪಾಲಿಗೆ ಬಂತು. ಮೊಣಕಾಲು ನೋವಿನ ಅತ್ತೆ ಮತ್ತೆ ಒಲೆಯ ಮುಂದೆ ಕೂತರು. ರೊಟ್ಟಿಗೆ ಒಬ್ಬ ಹೆಣ್ಣುಮಗಳನ್ನು ಇಟ್ಟರು. ಆಕೆ ತನ್ನ ಮನೆಯ ಮಕ್ಕಳನ್ನು ಬಿಟ್ಟು ನಸುಕಿನಲ್ಲೇ ಬರುತ್ತಿದ್ದಳು. ಒಬ್ಬಳ ಓದಿನ ಹಿಂದೆ ಇಷ್ಟು ಜನರ ಹೊತ್ತು ಇದೆ. ಇದನ್ನು ಕಂಡು, ಹಾಗಾದರೆ ಓದುವುದು ಸ್ವಾರ್ಥ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಗಂಡಸೊಬ್ಬ ಓದಿದಾಗಲೂ ಇಷ್ಟೇ ಜನರ ಹೊತ್ತು ಹೋಗಿರುತ್ತದೆ; ಅದನ್ನು ಯಾರೂ ಎಣಿಸಿಲ್ಲ, ಅಷ್ಟೇ. ಹೆಣ್ಣು ಓದಿದಾಗ ಲೆಕ್ಕ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಋಣ ಎಷ್ಟೆಂದು ಗೊತ್ತಿದ್ದವರು ತೀರಿಸುವ ದಾರಿಯನ್ನೂ ನೋಡುತ್ತಾರೆ. ರೊಟ್ಟಿ ಮಾಡುವವಳಿಗೆ ಕೊಡುವ ಪಗಾರದಲ್ಲಿ, ಅವಳ ಮಗಳ ಶಾಲೆಯ ವಿಚಾರಣೆಯಲ್ಲಿ, ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚುವುದರಲ್ಲಿ, ಗಂಡ ಕಲಿತ ಅಡುಗೆಯನ್ನು ಪರೀಕ್ಷೆ ಮುಗಿದ ಮೇಲೆ ಮರೆಯಗೊಡದಿರುವುದರಲ್ಲಿ ಆ ಲೆಕ್ಕ ಸ್ವಲ್ಪ ಸ್ವಲ್ಪ ತೀರಬೇಕು. ಪೂರ್ತಿ ತೀರುತ್ತದೆ ಎಂದು ಹೇಳಲಾರೆ. ಬುದ್ಧನದ್ದು ತೀರಿತೇ?

ಕೇಳುವುದು ಬೇರೆ, ಅಪ್ಪಣೆ ಬೇಡುವುದು ಬೇರೆ. ಅಪ್ಪಣೆ ಬೇಡಿದಾಗ ಒಬ್ಬರು ಬಾಗಿಲಲ್ಲಿ, ಒಬ್ಬರು ಕುರ್ಚಿಯ ಮೇಲೆ. ಕೇಳಿ ಹೇಳಿ ಹೊರಟಾಗ ಇಬ್ಬರೂ ಹೊಸಿಲಿನ ಹತ್ತಿರ ನಿಂತಿರುತ್ತಾರೆ. ನಿಮ್ಮ ಮನೆಯ ಮಗಳೋ ಸೊಸೆಯೋ ನಾಳೆ ‘ಬೆಲೆಯಿಲ್ಲದ’ ಇಂಥ ಯಾವುದನ್ನಾದರೂ ಓದುತ್ತೇನೆ ಎಂದರೆ, ಏನ ಬರತೈತಿ ಎಂದು ಕೇಳುವ ಮೊದಲು, ಇದಕ್ಕೆ ಯಾರ ಯಾರ ಹೊತ್ತು ಬೇಕು, ಅದನ್ನು ಹೇಗೆ ಹಂಚಿಕೊಳ್ಳೋಣ ಎಂದು ಕೇಳಿ ನೋಡಿ. ಮಾತಿನ ದಾಟಿಯೇ ಬೇರೆಯಾಗುತ್ತದೆ.

ಬನವಾಸಿಗೆ ನಾವೆಲ್ಲ ಹೋಗಿದ್ದೇವೆ. ಬುದ್ಧನ ಸಂದೇಶ ಹೊತ್ತ ರಕ್ಖಿತ ಥೇರ ಬಂದದ್ದು ಇದೇ ವನವಾಸ ನಾಡಿಗೆ ಎಂದು ಸಿಂಹಳದ ಮಹಾವಂಸ ಹೇಳುತ್ತದೆ. ಮಧುಕೇಶ್ವರನ ಗುಡಿಯಲ್ಲಿ ಐದು ಹೆಡೆಯ ನಾಗರಕಲ್ಲೊಂದಿದೆ. ನಾಗರಕಲ್ಲು ಕಂಡರೆ ಕೈಮುಗಿಯುವುದು ನಮ್ಮ ರೂಢಿ. ಮುಗಿದು ಮುಂದೆ ಹೋಗುತ್ತೇವೆ. ಆ ಕಲ್ಲಿನ ಅಂಚಿನಲ್ಲಿ ಬ್ರಾಹ್ಮಿ ಅಕ್ಷರಗಳಿವೆ, ಭಾಷೆ ಪ್ರಾಕೃತ. ಹದಿನೇಳು ಹದಿನೆಂಟು ನೂರು ವರ್ಷಗಳ ಹಿಂದೆ, ಚುಟು ಸಾತಕರ್ಣಿಯ ಕಾಲದಲ್ಲಿ, ರಾಜನ ಮಗಳೊಬ್ಬಳು ಈ ನಾಗನನ್ನೂ, ಒಂದು ಕೆರೆಯನ್ನೂ, ಒಂದು ವಿಹಾರವನ್ನೂ ದಾನವಾಗಿ ಮಾಡಿಸಿದಳೆಂದು ಅದರಲ್ಲಿ ಬರೆದಿದೆ. ಕಡೆದ ಶಿಲ್ಪಿ ನಟಕನ ಹೆಸರೂ ಇದೆ. ಅಕ್ಕನ ಮಗಳು ಓದು ಮುಗಿಸಿದ ವರ್ಷ ಮನೆಯವರೆಲ್ಲ ಅಲ್ಲಿಗೆ ಹೋದಾಗ ಒಂದೊಂದೇ ಅಕ್ಷರದ ಮೇಲೆ ಗಾಳಿಯಲ್ಲಿ ಬೆರಳಾಡಿಸಿ ಅತ್ತೆಗೆ ಓದಿ ಹೇಳಿದಳು. ಹೆಣ್ಣುಮಗಳು ಮಾಡಿಸಿದ್ದು ಎಂದು ತಿಳಿದು ಅತ್ತೆ ಇನ್ನೊಮ್ಮೆ ಕೈಮುಗಿದರು. ಆಮೇಲೆ, ಕೆರಿ ಎಲ್ಲೈತಿ, ಈಗ ಅದರಾಗ ನೀರ ಐತೇನು, ಎಂದು ಕೇಳಿದರು.